ದ್ವೀಪದಿಂದ ದ್ವೀಪಕ್ಕೆ ಸೈಕಲ್: ಯಾವ ದಾರಿ, ಎಷ್ಟು ದಿನ, ಎಂಥ ಸೈಕಲ್?

ಜಪಾನಿನ ಶಿಮನಾಮಿ ಕೈಡೊ ದಾರಿಯಲ್ಲಿ ನಾನು ಎರಡು ಸಲ ಸೈಕಲ್ ತುಳಿದಿದ್ದೇನೆ. ಮೊದಲ ಸಲ ಒಂದೇ ದಿನದಲ್ಲಿ ಮುಗಿಸಿದೆ. ಅವತ್ತು ನಾನು ಜಾಸ್ತಿ ನೋಡಿದ್ದು ಸಮುದ್ರವನ್ನಲ್ಲ, ಕೈಗಡಿಯಾರವನ್ನು. ಬಾಡಿಗೆ ಅಂಗಡಿ ಸಂಜೆ ಬಾಗಿಲು ಹಾಕುವ ಮೊದಲು ದಾರಿಯ ಕೊನೆಯ ಊರಾದ ಇಮಬಾರಿ ಮುಟ್ಟಬೇಕಿತ್ತು. ಮುಟ್ಟಿದೆ, ಹತ್ತು ನಿಮಿಷ ಉಳಿದಿತ್ತು. ಎರಡನೇ ಸಲ ಹೆಂಡತಿಯೂ ಜೊತೆಗಿದ್ದಳು. ನಡುವೆ ಒಂದು ರಾತ್ರಿ ದ್ವೀಪದಲ್ಲೇ ಉಳಿದೆವು. ಅದೇ ದಾರಿ, ಅವೇ ಸೇತುವೆಗಳು. ಆದರೆ ಬೇರೆ ಯಾವುದೋ ಊರಿಗೆ ಹೋಗಿ ಬಂದ ಹಾಗಿತ್ತು.

ಆಮೇಲೆ ಸೈಕಲ್ ಹುಚ್ಚಿನ ಗೆಳೆಯರೆಲ್ಲ ಫೋನ್ ಮಾಡಿ ವಿಚಾರಿಸತೊಡಗಿದರು. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: ‘ಯಾವ ಸೈಕಲ್ ತಗೊಳ್ಳೋದು?’ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಅಂತ ನನಗನ್ನಿಸುತ್ತದೆ. ಮೊದಲು ತೀರ್ಮಾನ ಆಗಬೇಕಾದದ್ದು ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು. ಅದೊಂದು ಗಟ್ಟಿಯಾದರೆ ಸೈಕಲ್ಲು, ದಿಕ್ಕು, ಊಟ ಎಲ್ಲ ತಾವಾಗಿಯೇ ಹಿಂದೆ ಬರುತ್ತವೆ. ಆದರೂ ಮೊದಲು ದಾರಿ ಯಾವುದು ಅಂತ ನೋಡೋಣ. ಯಾಕೆಂದರೆ ಇಲ್ಲಿರುವುದು ಒಂದೇ ದಾರಿಯಲ್ಲ.

ಮೂರು ದಾರಿಗಳು

ಜಪಾನಿನ ಮುಖ್ಯ ದ್ವೀಪ ಹೊನ್ಶು. ಅದರ ದಕ್ಷಿಣಕ್ಕೆ ಶಿಕೊಕು. ಇವೆರಡರ ನಡುವೆ ಸೆಟೊ ಒಳಸಮುದ್ರ, ಅದರ ತುಂಬ ಪುಟ್ಟ ಪುಟ್ಟ ದ್ವೀಪಗಳು. ಎರಡು ದಡಗಳನ್ನು ಸೇರಿಸಲು ಮೂರು ಕಡೆ ಸೇತುವೆಗಳ ಸಾಲು ಕಟ್ಟಿದ್ದಾರೆ. ಪೂರ್ವಕ್ಕೆ ಕೋಬೆಯಿಂದ ಅವಾಜಿ ದ್ವೀಪದ ಮೇಲೆ ಹೋಗುವುದು ಒಂದು. ನಡುವೆ 1988ರಲ್ಲಿ ತೆರೆದ, ರೈಲೂ ಓಡುವ ಸೆಟೊ ಮಹಾಸೇತುವೆ. ಪಶ್ಚಿಮಕ್ಕೆ ಶಿಮನಾಮಿ. ಈ ಮೂರರಲ್ಲಿ ಸೈಕಲ್ಲಿನಲ್ಲಿ ದಾಟಬಹುದಾದದ್ದು ಶಿಮನಾಮಿ ಮಾತ್ರ.

ಹಿರೊಶಿಮಾ ಪ್ರಾಂತದ ಒನೊಮಿಚಿಯಿಂದ ಎಹಿಮೆ ಪ್ರಾಂತದ ಇಮಬಾರಿಗೆ ಸೈಕಲ್ ದಾರಿ ಸುಮಾರು 70 ಕಿ.ಮೀ. ನಡುವೆ ಆರು ದೊಡ್ಡ ದ್ವೀಪಗಳು: ಮುಕೈಶಿಮ, ಇನ್ನೊಶಿಮ, ಇಕುಚಿಜಿಮ, ಓಮಿಶಿಮ, ಹಕಾತಜಿಮ, ಓಶಿಮ. ಸೇತುವೆಗಳನ್ನು ಒಂದೊಂದಾಗಿ ಕಟ್ಟುತ್ತ ಬಂದರು. 1979ರಲ್ಲಿ ಓಮಿಶಿಮ ಕಮಾನು ಸೇತುವೆ, 1983ರಲ್ಲಿ ಇನ್ನೊಶಿಮ ತೂಗುಸೇತುವೆ, ಹೀಗೆ. 1999ರ ಮೇ 1ಕ್ಕೆ ತತಾರಾ ಮತ್ತು ಕುರುಶಿಮ ಸೇತುವೆಗಳು ತೆರೆದವು, ಅಲ್ಲಿಗೆ ಎರಡು ದಡ ಕೂಡಿದವು. ಕಾರುಗಳಿಗೆ ಇದು ಎಕ್ಸ್‌ಪ್ರೆಸ್‌ವೇ. ಸೈಕಲ್ಲಿಗೆ ಸೇತುವೆಗಳ ಮೇಲೆ ಬೇರೆಯೇ ಪಥ. ಸೇತುವೆ ಇಳಿದ ಮೇಲೆ ದ್ವೀಪದ ಮಾಮೂಲಿ ರಸ್ತೆ. ರಸ್ತೆಯ ಅಂಚಿಗೆ ಉದ್ದಕ್ಕೂ ಒಂದು ನೀಲಿ ಗೆರೆ ಎಳೆದಿದ್ದಾರೆ. ಅದನ್ನು ಹಿಡಿದು ಹೋದರೆ ಸಾಕು, ಫೋನಿನ ಮ್ಯಾಪ್ ಬೇಕಾಗಿಲ್ಲ. ಇನ್ನೆಷ್ಟು ಕಿಲೋಮೀಟರು ಅಂತಲೂ ನೆಲದ ಮೇಲೇ ಬರೆದಿರುತ್ತಾರೆ. ಜಪಾನಿನಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ. ಅದೊಂದು ದೊಡ್ಡ ನೆಮ್ಮದಿ.

ಸೈಕಲ್ ದಾರಿಗಳಲ್ಲಿ ಎರಡನೆಯದು ತೊಬಿಶಿಮ ಕೈಡೊ. ಶಿಮನಾಮಿಗೆ ಪಶ್ಚಿಮದಲ್ಲಿ, ಕುರೆ ನಗರದ ಹತ್ತಿರ ಶುರುವಾಗುತ್ತದೆ. ಏಳು ಸೇತುವೆ, ಸುಮಾರು 30 ಕಿ.ಮೀ. ಕೊನೆಗೆ ಒಕಮುರಾ ಎಂಬ ದ್ವೀಪ. ಅಲ್ಲಿಂದ ಮುಂದಕ್ಕೆ ಸೇತುವೆ ಇಲ್ಲ, ಹಡಗು ಹತ್ತಿ ಇಮಬಾರಿಗೆ ಹೋಗಬೇಕು. ಈ ದಾರಿಯಲ್ಲಿ ಜನ ಕಡಿಮೆ, ಕಾರು ಕಡಿಮೆ, ಅಂಗಡಿಯೂ ಕಡಿಮೆ. ನಡುವೆ ಓಸಾಕಿ-ಶಿಮೊಜಿಮ ದ್ವೀಪದಲ್ಲಿ ಮಿತರಾಯಿ ಎಂಬ ಹಳೆಯ ಬಂದರು ಊರಿದೆ. ಹಾಯಿಹಡಗಿನ ಕಾಲದಲ್ಲಿ ಗಾಳಿಗೂ ಉಬ್ಬರಕ್ಕೂ ಕಾಯುತ್ತ ಹಡಗುಗಳು ಇಲ್ಲಿ ಲಂಗರು ಹಾಕುತ್ತಿದ್ದವು. ಆ ಕಾಲದ ಮರದ ಮನೆಗಳ ಬೀದಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಶಿಮನಾಮಿಯ ಯಾವ ಊರಿಗಿಂತಲೂ ನನಗೆ ಮಿತರಾಯಿಯೇ ಹೆಚ್ಚು ಇಷ್ಟವಾಯಿತು.

ಮೂರನೆಯದು ಯುಮೆಶಿಮ ಕೈಡೊ. ಇದು ಪುಟ್ಟದು. ಇನ್ನೊಶಿಮದಿಂದ ಹಡಗಿನಲ್ಲಿ ಕೆಲವೇ ನಿಮಿಷ. ಯುಗೆ, ಸಾಶಿಮ, ಇಕಿನಾ, ಇವಾಗಿ ಎಂಬ ನಾಲ್ಕು ದ್ವೀಪಗಳು, ಅವುಗಳ ನಡುವೆ ಮೂರು ಸೇತುವೆ. ಕೊನೆಯದಾದ ಇವಾಗಿ ಸೇತುವೆ ತೆರೆದದ್ದು 2022ರ ಮಾರ್ಚಿನಲ್ಲಿ. ಇವಾಗಿಯ ಬೆಟ್ಟದ ತುಂಬ ಚೆರ್ರಿ ಮರಗಳಿವೆ. ಏಪ್ರಿಲ್ ಮೊದಲ ವಾರ ಅಲ್ಲಿರುವ ಯೋಗ ಬಂದರೆ ಬಿಡಬೇಡಿ.

ಮೊದಲ ಸಲ ಹೋಗುವವರು ಯಾವುದನ್ನು ಆರಿಸಬೇಕು? ನೇರವಾಗಿ ಹೇಳುತ್ತೇನೆ, ಶಿಮನಾಮಿ. ಅಲ್ಲಿ ದಾರಿ ತಪ್ಪುವುದಿಲ್ಲ. ಸೈಕಲ್ ಕೆಟ್ಟರೆ ಕೈ ಕೊಡುವವರಿದ್ದಾರೆ. ಮಳೆ ಬಂದರೆ ಬಸ್ಸೋ ಹಡಗೋ ಸಿಗುತ್ತದೆ. ತೊಬಿಶಿಮದಲ್ಲಿ ಇದೆಲ್ಲ ಕಷ್ಟ. ಬಾಡಿಗೆ ಸೈಕಲ್ ಸಿಗುವ ಜಾಗ ಕಡಿಮೆ, ಒಕಮುರಾದಿಂದ ಹೊರಡುವ ಹಡಗುಗಳೂ ದಿನಕ್ಕೆ ಕೆಲವೇ. ಒಂದು ಹಡಗು ತಪ್ಪಿದರೆ ಗಂಟೆಗಟ್ಟಲೆ ಜೆಟ್ಟಿಯಲ್ಲಿ ಬೆಕ್ಕುಗಳ ಜೊತೆ ಕೂರಬೇಕು. ಸೈಕಲ್ ಚೆನ್ನಾಗಿ ತುಳಿಯುವವರು, ಮೂರು ದಿನ ಬಿಡುವು ಇರುವವರು ಎರಡನ್ನೂ ಸೇರಿಸಬಹುದು. ಕುರೆ ಕಡೆಯಿಂದ ತೊಬಿಶಿಮದಲ್ಲಿ ಹೋಗಿ, ಒಕಮುರಾದಿಂದ ಹಡಗಿನಲ್ಲಿ ಇಮಬಾರಿ ಸೇರಿ, ಶಿಮನಾಮಿಯಲ್ಲಿ ಒನೊಮಿಚಿಗೆ ವಾಪಸ್ ಬರುವುದು. ನನಗೆ ಮೂರನೇ ಸಲ ಅವಕಾಶ ಸಿಕ್ಕರೆ ಅದನ್ನೇ ಮಾಡುತ್ತೇನೆ.

ಒಂದು ದಿನವೋ, ಎರಡು ದಿನವೋ?

ಲೆಕ್ಕ ಹಾಕೋಣ. ಗಂಟೆಗೆ 15 ಕಿ.ಮೀ. ವೇಗದಲ್ಲಿ ತುಳಿದರೆ 70 ಕಿ.ಮೀ.ಗೆ ಐದು ಗಂಟೆಯೊಳಗೆ. ಕಾಗದದ ಮೇಲೆ ಇದು ಬಹಳ ಸುಲಭ. ಆದರೆ ಪ್ರತಿ ಸೇತುವೆಯ ಮೇಲೂ ನಿಂತು ಫೋಟೊ ತೆಗೆಯುತ್ತೀರಿ. ಊಟಕ್ಕೆ ಒಂದು ಗಂಟೆ. ಐಸ್‌ಕ್ರೀಮಿಗೆ ಅರ್ಧ ಗಂಟೆ. ಎಲ್ಲೋ ಒಂದು ಕಡೆ ಕಿತ್ತಳೆ ಮಾರುವ ಅಜ್ಜಿ ಮಾತಿಗೆಳೆಯುತ್ತಾರೆ, ಭಾಷೆ ಬರದಿದ್ದರೂ ಇಪ್ಪತ್ತು ನಿಮಿಷ ಹೋಗುತ್ತದೆ. ಒಟ್ಟು ಎಂಟರಿಂದ ಹತ್ತು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ಅಂಗಡಿಗಳು ಬಹುತೇಕ ಸಂಜೆ 5-6ರ ಹೊತ್ತಿಗೆ ಮುಚ್ಚುತ್ತವೆ. ಅಂದರೆ ಬೆಳಗ್ಗೆ 8ಕ್ಕೆ ಹೊರಟರೂ ಕುತ್ತಿಗೆಯ ಮೇಲೆ ಕತ್ತಿ ಇದ್ದೇ ಇರುತ್ತದೆ.

ಒಂದೇ ದಿನದಲ್ಲಿ ಮುಗಿಸುವುದರಲ್ಲೂ ಒಂದು ಖುಷಿ ಇದೆ, ಇಲ್ಲ ಅನ್ನುವುದಿಲ್ಲ. ಬೆಳಗ್ಗೆ ಒಂದು ದಡದಲ್ಲಿ ಕಾಫಿ, ಸಂಜೆ ಇನ್ನೊಂದು ದಡದಲ್ಲಿ ಸ್ನಾನ. ನಿಮ್ಮದೇ ರೋಡ್ ಬೈಕ್ (ತೆಳು ಚಕ್ರದ ಹಗುರ ಸೈಕಲ್) ಇದ್ದು, ವಾರಕ್ಕೆ ನೂರು ಕಿಲೋಮೀಟರು ತುಳಿಯುವ ಅಭ್ಯಾಸವಿದ್ದರೆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಹೋಟೆಲ್ ಬುಕಿಂಗ್ ತಲೆನೋವು ಇಲ್ಲ. ಜಪಾನ್ ಪ್ರವಾಸದಲ್ಲಿ ಒಂದೇ ದಿನ ಬಿಡುವು ಸಿಕ್ಕವರಿಗೆ ಬೇರೆ ದಾರಿಯೂ ಇಲ್ಲ.

ಆದರೆ ಒಂದೇ ದಿನದಲ್ಲಿ ಹೋಗುವವರಿಗೆ ತಪ್ಪುವುದು ಏನು ಅಂತ ಹೇಳಿಬಿಡುತ್ತೇನೆ. ಇಕುಚಿಜಿಮದ ಸೆಟೊಡಾ ಊರಿನಲ್ಲಿ ಕೋಸಾಂಜಿ ಎಂಬ ದೇವಾಲಯವಿದೆ. ಕೈಗಾರಿಕೋದ್ಯಮಿಯೊಬ್ಬರು ತಾಯಿಯ ನೆನಪಿಗೆ ಕಟ್ಟಲು ತೊಡಗಿದ್ದು. ಅದರ ಹಿಂದಿನ ಗುಡ್ಡದ ಮೇಲೆ ಇಟಲಿಯ ಬಿಳಿ ಅಮೃತಶಿಲೆಯಿಂದ ಮಾಡಿದ ಇಡೀ ಒಂದು ತೋಟವೇ ಇದೆ. ಬಿಸಿಲಿನಲ್ಲಿ ಕಣ್ಣು ಬಿಡಲಾಗುವುದಿಲ್ಲ. ಅದೇ ಊರಿನಲ್ಲಿ ಹುಟ್ಟಿದ ಚಿತ್ರಕಾರ ಇಕುಒ ಹಿರಾಯಾಮಾ ಅವರ ವಸ್ತುಸಂಗ್ರಹಾಲಯವೂ ಪಕ್ಕದಲ್ಲೇ ಇದೆ. ಓಮಿಶಿಮದ ಪಶ್ಚಿಮಕ್ಕೆ ಓಯಮಜುಮಿ ಗುಡಿ, ನೀಲಿ ಗೆರೆಯಿಂದ ಕೆಲವು ಕಿಲೋಮೀಟರು ಒಳಕ್ಕೆ, ಒಂದು ಏರು ದಾಟಿ ಹೋಗಬೇಕು. ಅಂಗಳದಲ್ಲಿ ಬಹಳ ಪುರಾತನ ಕರ್ಪೂರದ ಮರ. ಯುದ್ಧ ಗೆದ್ದ ಸಮುರಾಯಿಗಳು ಹರಕೆ ಒಪ್ಪಿಸಿದ ಕವಚ, ಕತ್ತಿಗಳ ಸಂಗ್ರಹ ಅಲ್ಲಿದೆ. ಓಶಿಮದಲ್ಲಿ ಮುರಕಾಮಿ ಕಡಲ ಪಡೆಯ ಸಂಗ್ರಹಾಲಯ. ಒಂದು ಕಾಲದಲ್ಲಿ ಈ ಕಡಲಲ್ಲಿ ಯಾವ ಹಡಗು ಹೋದರೂ ಇವರಿಗೆ ಸುಂಕ ಕಟ್ಟಬೇಕಿತ್ತು. ಒಂದು ದಿನದವರು ಇವುಗಳಲ್ಲಿ ಒಂದನ್ನು ನೋಡಿದರೆ ಅದೃಷ್ಟ. ನಾನು ಒಂದನ್ನೂ ನೋಡಲಿಲ್ಲ.

ಎರಡು ದಿನದವರು ರಾತ್ರಿ ಎಲ್ಲಿ ಉಳಿಯಬೇಕು? ಎರಡು ಕಡೆ. ಸೆಟೊಡಾ ಒನೊಮಿಚಿಯಿಂದ ಹೆಚ್ಚುಕಡಿಮೆ 30 ಕಿ.ಮೀ. ಸ್ವಲ್ಪ ಪೇಟೆ ಇದೆ, ಉಳಿಯಲು ತರಹೇವಾರಿ ಜಾಗಗಳಿವೆ. ಪಶ್ಚಿಮಕ್ಕೆ ತಿರುಗಿದ ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಬಹುದು. ಓಮಿಶಿಮ ಇನ್ನೂ ನಿಶ್ಶಬ್ದ, ಹೆಚ್ಚುಕಡಿಮೆ ದಾರಿಯ ನಡುಮಧ್ಯ. ಆದರೆ ಸಂಜೆ ಆದ ಮೇಲೆ ಊಟ ಸಿಗುವ ಜಾಗ ಕಡಿಮೆ, ಉಳಿಯುವ ಮನೆಯಲ್ಲೇ ಊಟಕ್ಕೆ ಹೇಳಿಕೊಂಡಿರಬೇಕು. ಮೊದಲ ಸಲಕ್ಕೆ ಸೆಟೊಡಾ ಸರಿ. ಎರಡನೇ ದಿನ 40 ಕಿ.ಮೀ. ಉಳಿಯುತ್ತದೆ, ಅದು ಭಾರವೇನಲ್ಲ.

ಇನ್ನೊಂದು ಆಯ್ಕೆ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ: ಅರ್ಧ ದಾರಿ. ಒನೊಮಿಚಿಯಿಂದ ಸೆಟೊಡಾದವರೆಗೆ ತುಳಿದು, ಸೈಕಲ್ ಸಮೇತ ಹಡಗು ಹತ್ತಿ ವಾಪಸ್ ಬರುವುದು. ಹಡಗಿಗೆ ಮುಕ್ಕಾಲು ಗಂಟೆಯೂ ಬೇಡ. ಮಕ್ಕಳಿದ್ದರೆ, ಮೊಣಕಾಲು ನೋವಿದ್ದರೆ, ‘ನನಗೆ 70 ಆಗಲ್ಲಪ್ಪ’ ಅನ್ನುವವರು ಜೊತೆಗಿದ್ದರೆ ಇದೇ ಒಳ್ಳೆಯದು. ಇಮಬಾರಿ ಕಡೆಯಿಂದಾದರೆ ಕುರುಶಿಮ ಸೇತುವೆಯ ಬುಡದಲ್ಲಿರುವ ಸನ್‌ರೈಸ್ ಇತೊಯಾಮಾದಲ್ಲಿ ಸೈಕಲ್ ಬಾಡಿಗೆ ತೆಗೆದುಕೊಂಡು, ಸೇತುವೆ ದಾಟಿ ವಾಪಸ್ ಬರಬಹುದು. ಎರಡು ಗಂಟೆಯ ಕೆಲಸ. ಇಡೀ ದಾರಿಯ ಅತಿ ಒಳ್ಳೆಯ ತುಣುಕು ಅದೇ. ಪೂರ್ತಿ ಮಾಡದಿದ್ದರೆ ಮಾಡಿದ ಹಾಗಲ್ಲ ಅನ್ನುವ ಹಟ ಯಾಕೆ, ಅಲ್ವಾ?

ಹೋಗಿ ಬರುವ 140 ಕಿ.ಮೀ.ಯನ್ನು ಒಂದೇ ದಿನದಲ್ಲಿ ಮಾಡುವವರೂ ಇದ್ದಾರೆ. ಅವರಿಗೆ ಈ ಮಾರ್ಗದರ್ಶಿ ಬೇಕಾಗಿಲ್ಲ.

ಎತ್ತಲಿಂದ ಎತ್ತ?

ಹೆಚ್ಚಿನವರು ಒನೊಮಿಚಿಯಿಂದ ಹೊರಡುತ್ತಾರೆ. ಕಾರಣ ಸರಳ. ಒನೊಮಿಚಿ ರೈಲಿನಲ್ಲಿ ಸುಲಭವಾಗಿ ಸಿಗುತ್ತದೆ. ಬುಲೆಟ್ ರೈಲಿನಲ್ಲಿ ಫುಕುಯಾಮಾದಲ್ಲಿ ಇಳಿದು ಮಾಮೂಲಿ ರೈಲು ಹಿಡಿದರೆ ಇಪ್ಪತ್ತು ನಿಮಿಷ. ಅಲ್ಲಿ ಮೊದಲ ದ್ವೀಪಕ್ಕೂ ಸೇತುವೆ ಇದೆ, ಆದರೆ ಕಿರಿದು, ಕಾರು ಜಾಸ್ತಿ. ಸೈಕಲ್ಲಿನವರು ಅದರ ಮೇಲೆ ಹೋಗಬಾರದು ಎಂದೇ ಸಲಹೆ. ಹಾಗಾಗಿ ಪುಟ್ಟ ಹಡಗಿನಲ್ಲಿ ಮುಕೈಶಿಮಕ್ಕೆ ದಾಟುತ್ತಾರೆ. ಐದು ನಿಮಿಷ, ನೂರು ಯೆನ್ ಆಸುಪಾಸು. ಶಾಲೆಗೆ ಹೋಗುವ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು, ಒಂದೆರಡು ಕಾರು, ನಡುವೆ ನಮ್ಮ ಸೈಕಲ್ಲು. ನನಗೆ ಸಿಗಂದೂರಿನ ಲಾಂಚ್ ನೆನಪಾಯಿತು.

ಈ ದಿಕ್ಕಿನಲ್ಲಿ ಹೋದರೆ ಸೇತುವೆಗಳು ಒಂದಕ್ಕಿಂತ ಒಂದು ಬೇರೆ ಥರ. ಇನ್ನೊಶಿಮ ಸೇತುವೆಯಲ್ಲಿ ಸೈಕಲ್ ಪಥ ಕಾರುಗಳ ರಸ್ತೆಯ ಕೆಳಗೆ ಇದೆ, ಕಬ್ಬಿಣದ ಪಂಜರದೊಳಗೆ ಹೋದ ಹಾಗಿರುತ್ತದೆ. ತತಾರಾ ಸೇತುವೆ 1480 ಮೀ. ಉದ್ದ. ಎರಡು ಕಂಬಗಳ ನಡುವಿನ ಅಂತರವೇ 890 ಮೀ. ತೆರೆದ ದಿನಗಳಲ್ಲಿ ಈ ಬಗೆಯ ಕೇಬಲ್ ಸೇತುವೆಗಳಲ್ಲಿ ಜಗತ್ತಿಗೇ ಉದ್ದದ್ದು. ಅದರ ಕಂಬದ ಬುಡದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ಮೇಲಕ್ಕೆ ಹೋಗಿ ಗರಗರ ಎಂದು ಮರಳುತ್ತದೆ. ‘ಅಳುವ ಡ್ರ್ಯಾಗನ್’ ಅಂತ ಅದಕ್ಕೆ ಹೆಸರು. ತಟ್ಟಲು ಮರದ ತುಂಡುಗಳನ್ನೂ ತೂಗುಹಾಕಿದ್ದಾರೆ. ಕೊನೆಯಲ್ಲಿ ಕುರುಶಿಮ. ಮೂರು ತೂಗುಸೇತುವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದು, ಒಟ್ಟು ಸುಮಾರು 4 ಕಿ.ಮೀ. ಕೆಳಗೆ ನೀರು ಸುಳಿ ಸುಳಿಯಾಗಿ ಹರಿಯುತ್ತಿರುತ್ತದೆ. ಇಲ್ಲಿಯ ಉಬ್ಬರ ಇಳಿತದ ಸೆಳೆತ ಎಷ್ಟು ಜೋರೆಂದರೆ, ನೀರು ಹರಿಯುವ ದಿಕ್ಕು ಬದಲಾದಂತೆ ಹಡಗುಗಳು ಹೋಗುವ ದಾರಿಯೂ ಬದಲಾಗುತ್ತದೆ. ನೀರಿನ ಜೊತೆ ಹೋಗುವ ಹಡಗು ನಡುವಿನ ಕಾಲುವೆಯಲ್ಲಿ, ಎದುರು ಹೋಗುವುದು ಪಶ್ಚಿಮದ ಕಾಲುವೆಯಲ್ಲಿ. ಸೇತುವೆಯ ಮೇಲೆ ನಿಂತು ಇದನ್ನು ನೋಡುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ತೊಂದರೆ ಇರುವುದು ಕುರುಶಿಮಕ್ಕೆ ಮೊದಲು. ಓಶಿಮದಲ್ಲಿ ಏರು ಜಾಸ್ತಿ. ಐವತ್ತು ಕಿಲೋಮೀಟರು ತುಳಿದು ಕಾಲು ಸೋತಾಗ ಆ ಏರುಗಳು ಬರುತ್ತವೆ. ಇಮಬಾರಿಯಿಂದ ಹೊರಟರೆ ಅವು ಬೆಳಗ್ಗೆಯೇ ಮುಗಿದುಹೋಗುತ್ತವೆ. ಇನ್ನೊಂದು ಗುಟ್ಟು: ಎಡಬದಿಯಲ್ಲಿ ಹೋಗುವುದರಿಂದ, ಇಮಬಾರಿಯಿಂದ ಉತ್ತರಕ್ಕೆ ಹೊರಟವರಿಗೆ ಇಕುಚಿಜಿಮದ ಕರಾವಳಿಯಲ್ಲಿ ಸಮುದ್ರ ತಮ್ಮ ಪಕ್ಕದಲ್ಲೇ ಇರುತ್ತದೆ. ಒನೊಮಿಚಿಯಿಂದ ಬಂದವರಿಗೆ ಅದು ಎದುರು ಬದಿಯ ರಸ್ತೆಯ ಆಚೆಗೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಸೈಕಲ್ ಮೇಲೆ ಕೂತಾಗ ದೊಡ್ಡದೇ. ಮುಗಿಸಿದ ಮೇಲೂ ಒನೊಮಿಚಿಯ ಸಂಜೆ ಚೆನ್ನ. ಗುಡ್ಡದ ಮೆಟ್ಟಿಲುಗಳು, ದೇವಾಲಯಗಳು, ತಿನ್ನಲು ನೂರೆಂಟು ಅಂಗಡಿ. ಇಮಬಾರಿಯಲ್ಲಿ ಸಮುದ್ರದ ನೀರನ್ನೇ ಕಂದಕಕ್ಕೆ ಬಿಟ್ಟ ಕೋಟೆಯಿದೆ, ಒಳ್ಳೆಯ ಟವೆಲ್ ಸಿಗುತ್ತದೆ, ಅಷ್ಟು ಬಿಟ್ಟರೆ ಬೇಗ ಮಲಗುವ ಊರು.

ಮೊದಲ ಸಲ ದಕ್ಷಿಣಕ್ಕೆ ಹೋಗಿದ್ದೆ, ಎರಡನೇ ಸಲವೂ ದಕ್ಷಿಣಕ್ಕೇ. ಕುರುಶಿಮ ಕೊನೆಗೇ ಬರಬೇಕು ಅನ್ನುವುದು ನನ್ನ ಹಟ. ಹೆಂಡತಿ ಮಾತ್ರ ಇವತ್ತಿಗೂ ‘ಆ ಕಡೆಯಿಂದ ಬರಬೇಕಿತ್ತು’ ಅನ್ನುತ್ತಾಳೆ.

ಈಗ ಸೈಕಲ್

ಏರುಗಳ ಬಗ್ಗೆ ಒಂದು ಮಾತು. ಸೇತುವೆಗಳು ಹಡಗು ಹೋಗುವಷ್ಟು ಎತ್ತರದಲ್ಲಿವೆ, ಆದ್ದರಿಂದ ಪ್ರತಿ ಸೇತುವೆಗೂ ಹತ್ತಿಕೊಂಡು ಹೋಗಬೇಕು. ಆದರೆ ಸೈಕಲ್ಲಿಗೆಂದೇ ಸುತ್ತು ಹಾಕಿ ಮಾಡಿದ ದಾರಿಗಳು, ಏರು ಸುಮಾರು 3 ಪರ್ಸೆಂಟ್, ಉದ್ದ ಹೆಚ್ಚೆಂದರೆ ಒಂದೆರಡು ಕಿಲೋಮೀಟರು. ನಂದಿ ಬೆಟ್ಟ ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಹತ್ತದವರೂ ಸಣ್ಣ ಗೇರ್ ಹಾಕಿಕೊಂಡು ನಿಧಾನಕ್ಕೆ ಹೋಗಬಹುದು.

ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ದಾರಿಯುದ್ದಕ್ಕೂ ಇದೆ. ಇದರ ದೊಡ್ಡ ಗುಣ ಏನೆಂದರೆ, ಸುಸ್ತಾದರೆ ನಡುವಿನ ಯಾವುದೋ ದ್ವೀಪದ ಕೇಂದ್ರದಲ್ಲಿ ಬಿಟ್ಟು ಬಸ್ ಹತ್ತಬಹುದು. ಬೇರೆ ಕಡೆ ಬಿಟ್ಟರೆ ದುಡ್ಡಿನ ಲೆಕ್ಕ ಏನು ಅಂತ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಿ, ಅಷ್ಟೇ. ಸೈಕಲ್ಲುಗಳು ಗಟ್ಟಿಮುಟ್ಟು, ಆದರೆ ಭಾರ. ಮುಂದೆ ಬುಟ್ಟಿ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಬುಟ್ಟಿ ಇದ್ದರೆ ಸ್ಟೈಲ್ ಇಲ್ಲ ಅಂತ ಮೊದಲ ಸಲ ಬೇಡವೆಂದಿದ್ದೆ. ದಿನವಿಡೀ ಬೆನ್ನಿಗೆ ಬ್ಯಾಗ್ ಹೊತ್ತು ಬೆವೆತ ಮೇಲೆ ಬುದ್ಧಿ ಬಂತು.

ರೋಡ್ ಬೈಕ್ ಬೇಕೆಂದರೆ ಎರಡೂ ತುದಿಗಳಲ್ಲಿ ಖಾಸಗಿ ಅಂಗಡಿಗಳಿವೆ. ಸೈಕಲ್ ಕಂಪನಿ ಜೈಂಟ್‌ನ ಅಂಗಡಿ ಒನೊಮಿಚಿಯಲ್ಲೂ ಇಮಬಾರಿ ಸ್ಟೇಷನ್ ಹತ್ತಿರವೂ ಇದೆ. ಒನೊಮಿಚಿಯದು ಹಳೆಯ ಬಂದರು ಗೋದಾಮಿನೊಳಗೆ, ಅದೇ ಕಟ್ಟಡದಲ್ಲಿ ಸೈಕಲ್ಲನ್ನು ರೂಮಿಗೇ ಒಯ್ಯಬಹುದಾದ ಹೋಟೆಲೂ ಇದೆ. ಒಂದು ತುದಿಯಲ್ಲಿ ತೆಗೆದುಕೊಂಡು ಇನ್ನೊಂದು ತುದಿಯಲ್ಲಿ ಕೊಡಬಹುದು, ಅದಕ್ಕೆ ಬೇರೆ ಚಾರ್ಜು. ಬಾಡಿಗೆ ಸಾರ್ವಜನಿಕ ಸೈಕಲ್ಲಿಗಿಂತ ಬಹಳ ಜಾಸ್ತಿ. ಮುಂಚೆಯೇ ಬುಕ್ ಮಾಡದಿದ್ದರೆ ನಿಮ್ಮ ಎತ್ತರಕ್ಕೆ ಸರಿಯಾದ್ದು ಸಿಗುವುದು ಕಷ್ಟ. ನಡುವೆ ಎಲ್ಲೋ ಬಿಡುವ ಸೌಲಭ್ಯ ಇದರಲ್ಲಿ ಇರುವುದಿಲ್ಲ ಅನ್ನುವುದನ್ನು ನೆನಪಿಡಿ.

ಬ್ಯಾಟರಿ ಸೈಕಲ್ ಬಗ್ಗೆ ನನಗೆ ಮೊದಲು ಅಸಡ್ಡೆ ಇತ್ತು. ಎರಡನೇ ಸಲ ಹೆಂಡತಿ ಅದನ್ನೇ ತೆಗೆದುಕೊಂಡಳು. ಏರಿನಲ್ಲಿ ನಾನು ಏದುಸಿರು ಬಿಡುತ್ತಿದ್ದರೆ ಅವಳು ಹಾಡು ಗುನುಗುತ್ತ ಮೇಲೆ ಹೋಗಿ ಕಾಯುತ್ತಿದ್ದಳು. ಜಪಾನಿನ ಕಾನೂನಿನ ಪ್ರಕಾರ ಗಂಟೆಗೆ 24 ಕಿ.ಮೀ. ದಾಟಿದರೆ ಮೋಟಾರಿನ ನೆರವು ನಿಂತುಹೋಗುತ್ತದೆ. ಹಾಗಾಗಿ ಇದು ಸ್ಕೂಟರಲ್ಲ, ತುಳಿಯಲೇಬೇಕು. ಒಂದು ಎಚ್ಚರಿಕೆ: ಮಾಮೂಲಿ ಬ್ಯಾಟರಿ ಸೈಕಲ್ಲುಗಳನ್ನು ತೆಗೆದುಕೊಂಡ ಕಡೆಯೇ ವಾಪಸ್ ಕೊಡಬೇಕು ಎಂಬ ನಿಯಮ ಸಾಮಾನ್ಯ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು, ಅದರಲ್ಲೂ ರಾತ್ರಿ ಉಳಿಯಲು, ಅದಕ್ಕೆಂದೇ ಕೊಡುವ ಸೈಕಲ್ಲನ್ನು ಹುಡುಕಬೇಕು. ಬ್ಯಾಟರಿ ಎಷ್ಟು ದೂರ ಬರುತ್ತದೆ, ಉಳಿಯುವ ಜಾಗದಲ್ಲಿ ಚಾರ್ಜ್ ಮಾಡಬಹುದೇ, ಎರಡನ್ನೂ ಕೇಳಿಕೊಳ್ಳಿ. ಅರ್ಧ ದಾರಿಯವರಿಗೆ ಈ ತಲೆನೋವೇ ಇಲ್ಲ. ಹಡಗಿನಲ್ಲಿ ವಾಪಸ್ ಬರುವುದರಿಂದ ತೆಗೆದುಕೊಂಡ ಕಡೆಯೇ ಕೊಟ್ಟರಾಯಿತು.

ನಿಮ್ಮದೇ ಸೈಕಲ್ ಒಯ್ಯುವುದು? ಜಪಾನಿನ ರೈಲಿನಲ್ಲಿ ಸೈಕಲ್ಲನ್ನು ಬಿಚ್ಚಿ, ಪೂರ್ತಿ ಚೀಲದೊಳಗೆ ತುಂಬಿ ಒಯ್ಯಬೇಕು. ಹೀಗೆ ಒಯ್ಯುವುದಕ್ಕೆ ‘ರಿಂಕೊ’ ಅನ್ನುತ್ತಾರೆ. ಬೆಂಗಳೂರಿನಿಂದ ವಿಮಾನದಲ್ಲಿ ತಂದು, ರೈಲಿನಲ್ಲಿ ಹೊತ್ತು, ಎರಡು ದಿನಕ್ಕೆ ಜೋಡಿಸುವುದು ನನಗೆ ಸುಮ್ನೆ ಕಷ್ಟ ಅನ್ನಿಸುತ್ತದೆ. ಎರಡು-ಮೂರು ವಾರ ಶಿಕೊಕು ಪೂರ್ತಿ ಸುತ್ತುವವರಿಗೆ ಮಾತ್ರ ಅದು ಸರಿ.

ಯಾವ ಸೈಕಲ್ ಆದರೂ ಪ್ಯಾಡ್ ಇರುವ ಚಡ್ಡಿ ಒಂದು ಒಯ್ಯಿರಿ. ಸೂಟ್‌ಕೇಸನ್ನು ಮುಂದಿನ ಹೋಟೆಲಿಗೆ ಕಳಿಸುವ ಪಾರ್ಸೆಲ್ ಸೇವೆ ಜಪಾನಿನಲ್ಲಿ ಬಹಳ ಚೆನ್ನಾಗಿದೆ. ಹೋಟೆಲ್ ಕೌಂಟರಿನಲ್ಲೇ ಕೇಳಿ, ಒಂದು ದಿನ ಮುಂಚೆ. ಸೇತುವೆಗಳಲ್ಲಿ ಸೈಕಲ್ಲಿಗೆ ಎಲ್ಲ ಸೇರಿ ಸುಮಾರು 500 ಯೆನ್ ಸುಂಕ ಅಂತ ಇದೆ, ಆದರೆ 2014ರಿಂದ ಅದನ್ನು ಮನ್ನಾ ಮಾಡುತ್ತ ಬಂದಿದ್ದಾರೆ. ಹೋಗುವ ಮುನ್ನ ಒಮ್ಮೆ ನೋಡಿಕೊಳ್ಳಿ. ಇನ್ನು, ಕುಡಿದು ಸೈಕಲ್ ತುಳಿಯುವುದಕ್ಕೂ, ಫೋನ್ ಹಿಡಿದು ತುಳಿಯುವುದಕ್ಕೂ 2024ರ ನವೆಂಬರಿನಿಂದ ಕಾನೂನು ಬಿಗಿಯಾಗಿದೆ. ಮಧ್ಯಾಹ್ನದ ಊಟಕ್ಕೆ ಒಂದು ಬಿಯರ್ ಅಂದುಕೊಂಡಿದ್ದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಯಾವಾಗ?

ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್. ಜೂನಿನಿಂದ ಜುಲೈ ನಡುವಿನವರೆಗೆ ಮಳೆ, ಆಮೇಲೆ ಸೆಖೆ, ಸೆಪ್ಟೆಂಬರಿನಲ್ಲಿ ಚಂಡಮಾರುತದ ಭಯ. ಮೇ ಮೊದಲ ವಾರ ಇಡೀ ಜಪಾನಿಗೆ ರಜೆ, ಆಗ ಬೇಡ. ನವೆಂಬರಿನಲ್ಲಿ ಹವೆ ಬಹಳ ಚೆನ್ನ, ಕಿತ್ತಳೆ ತೋಟಗಳೂ ಬಣ್ಣ ಹಿಡಿದಿರುತ್ತವೆ. ಆದರೆ ಸಂಜೆ 5ಕ್ಕೇ ಕತ್ತಲು. ಒಂದೇ ದಿನದಲ್ಲಿ ಮುಗಿಸುವವರು ಇದನ್ನು ಮರೆಯಬಾರದು.

ಸಸ್ಯಾಹಾರಿಗಳ ಪಾಡು

ಇದೇ ನಿಜವಾದ ಏರು. ಒನೊಮಿಚಿಯ ಪ್ರಸಿದ್ಧ ರಾಮೆನ್ ಎಂಬ ನೂಡಲ್ಸ್ ಸಾರಿನಲ್ಲಿ ಹಂದಿ ಕೊಬ್ಬು ತೇಲುತ್ತಿರುತ್ತದೆ. ಊಡೊನ್ ಎಂಬ ದಪ್ಪ ನೂಡಲ್ಸ್ ನೋಡಲು ಸಪ್ಪೆ ಸಾರಿನ ಹಾಗಿದ್ದರೂ ಅದು ಮೀನಿನ ಸಾರು. ದ್ವೀಪದ ವಿಶೇಷ ಊಟ ಅಂದರೆ ಮೀನು ಹಾಕಿ ಬೇಯಿಸಿದ ಅನ್ನ. ನಾವು ಉಳಿದ ಮನೆಯಲ್ಲಿ ಮೀನು ಬೇಡ ಅಂತ ಮುಂಚೆ ತಿಳಿಸಿರಲಿಲ್ಲ. ತಪ್ಪು ನಮ್ಮದೇ. ಸಂಜೆ ಹತ್ತು ಬಟ್ಟಲುಗಳ ಊಟ ಬಂತು, ಒಂಬತ್ತರಲ್ಲಿ ಕಡಲು. ಮನೆಯೊಡತಿ ಪಾಪ ಪೇಚಾಡಿಕೊಂಡು ಅನ್ನ, ಮೂಲಂಗಿ ಉಪ್ಪಿನಕಾಯಿ, ತೋಫು ತಂದಿಟ್ಟರು. ನಮ್ಮ ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು. ಅವರಿಗೂ ಸ್ವಲ್ಪ ಕೊಟ್ಟೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಕೈಯೊಡ್ಡಿದರು.

ಬುಕ್ ಮಾಡುವಾಗಲೇ ಬರೆದು ತಿಳಿಸಿ. ‘ಮಾಂಸ ಬೇಡ’ ಅಂದರೆ ಸಾಲದು, ‘ಮೀನಿನ ಸಾರೂ ಬೇಡ’ ಎಂದು ಹೇಳಬೇಕು. ಸೆಟೊಡಾದಲ್ಲಿ ಉಳಿದರೆ ಒಂದಲ್ಲ ಒಂದು ಸಿಗುತ್ತದೆ, ಓಮಿಶಿಮದಲ್ಲಿ ಉಳಿದರೆ ಬ್ಯಾಗಿನಲ್ಲಿ ಏನಾದರೂ ಇರಲಿ. ದಾರಿಯಲ್ಲಿ ಕನ್ವೀನಿಯನ್ಸ್ ಸ್ಟೋರ್ ಸಿಕ್ಕಾಗಲೆಲ್ಲ ಬಾಳೆಹಣ್ಣು, ಬ್ರೆಡ್, ನೀರು ತುಂಬಿಸಿಕೊಳ್ಳಿ. ಮುಂದಿನದು ಎಷ್ಟು ದೂರವೋ ಹೇಳಲಾಗದು.

ಸಿಹಿಯಲ್ಲಿ ಮಾತ್ರ ಯಾವ ಕೊರತೆಯೂ ಇಲ್ಲ. ಇನ್ನೊಶಿಮ ‘ಹಸ್ಸಕು’ ಎಂಬ ಕಿತ್ತಳೆ ಜಾತಿಯ ಹಣ್ಣಿನ ತವರು. ಅದರ ತೊಳೆಯನ್ನು ಅಕ್ಕಿಹಿಟ್ಟಿನ ಮೆತ್ತನೆಯ ಹೊದಿಕೆಯೊಳಗೆ ಇಟ್ಟು ಮಾಡಿದ ಉಂಡೆ ಸಿಗುತ್ತದೆ. ಹುಳಿ, ಸಿಹಿ, ಒಂಚೂರು ಕಹಿ. ಸೆಟೊಡಾ ನಿಂಬೆಹಣ್ಣಿನ ಊರು, ಅಲ್ಲಿ ನಿಂಬೆಯ ಜೆಲಾಟೊ ಐಸ್‌ಕ್ರೀಂ ತಿನ್ನದೆ ಮುಂದೆ ಹೋಗಬೇಡಿ. ಹಕಾತಜಿಮ ಉಪ್ಪಿಗೆ ಹೆಸರುವಾಸಿ, ಹಾಗಾಗಿ ಉಪ್ಪಿನ ಐಸ್‌ಕ್ರೀಂ. ಬೆವರು ಸುರಿಸಿ ಬಂದವರಿಗೆ ಅದು ಔಷಧಿಯ ಹಾಗೆ ಕೆಲಸ ಮಾಡುತ್ತದೆ.

ಕಿರೋಸಾನ್ ಹತ್ತಬೇಕೋ, ಬೇಡವೋ?

ಓಶಿಮದ ದಕ್ಷಿಣ ತುದಿಯಲ್ಲಿ 307 ಮೀ. ಎತ್ತರದ ಗುಡ್ಡ. ತುದಿಯಲ್ಲಿ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ ವೀಕ್ಷಣಾ ಕಟ್ಟೆ, 1994ರದ್ದು. ಕೆಳಗಿನಿಂದ ಕಟ್ಟಡ ಕಾಣಿಸದ ಹಾಗೆ ಅದನ್ನು ಗುಡ್ಡದೊಳಗೇ ಹುದುಗಿಸಿದ್ದಾರೆ. ಅಲ್ಲಿಂದ ಕುರುಶಿಮ ಸೇತುವೆ ಪೂರ್ತಿ ಕಾಣುತ್ತದೆ. ಆದರೆ ಇದು 3 ಪರ್ಸೆಂಟಿನ ಏರಲ್ಲ, ಕಡಿದಾದದ್ದು. ನೀಲಿ ಗೆರೆ ಬಿಟ್ಟು ಹೋಗಬೇಕು, ಹೋಗಿ ಬರಲು ಒಂದೂವರೆ ಗಂಟೆ ಬೇಕು. ಒಂದು ದಿನದವರು ಇದನ್ನು ಬಿಟ್ಟು ಮುಂದೆ ಹೋಗಿ. ಬೇಸರ ಬೇಡ. ಎರಡು ದಿನದವರು ಎರಡನೇ ದಿನ ಬೇಗ ಹೊರಟು ಹತ್ತಿ.

ನಾನು ಮೊದಲ ಸಲ ಕೆಳಗಿನ ಬೋರ್ಡ್ ನೋಡಿ, ಗಡಿಯಾರ ನೋಡಿ, ಮುಂದೆ ಹೋದೆ. ಎರಡನೇ ಸಲ ಅರ್ಧ ದಾರಿಗೆ ತುಳಿದು, ಉಳಿದರ್ಧ ಸೈಕಲ್ ತಳ್ಳಿಕೊಂಡು ಹತ್ತಿದೆ. ಹೆಂಡತಿ ಬ್ಯಾಟರಿಯ ಕೊನೆಯ ಗೆರೆ ಕರಗಿಸಿ ಮೇಲೆ ತಲುಪಿ, ಚಪ್ಪಲಿ ಬಿಚ್ಚಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೆಳಗೆ ಮೂರು ತೂಗುಸೇತುವೆ, ಅವುಗಳಡಿ ಒಂದು ಹಡಗು ನೀರಿನ ಸೆಳೆತಕ್ಕೆದುರಾಗಿ ನಿಂತಲ್ಲೇ ನಿಂತ ಹಾಗೆ ಸಾಗುತ್ತಿತ್ತು. ಅದು ಸೇತುವೆ ದಾಟುವವರೆಗೂ ನೋಡಿದೆವು. ಆಮೇಲೆ ಗಡಿಯಾರ ನೋಡಿದೆ. ಅಂಗಡಿ ಮುಚ್ಚಲು ಇನ್ನೂ ಮೂರು ಗಂಟೆ ಇತ್ತು.